ಮರಾಠಿಗರಿಗೆ ಕನ್ನಡ ಕಲಿಸುವುದು ಹೇಗೆ?

ಮುಂಬೈಯಲ್ಲಿ ಕನ್ನಡ ಕಲಿಯಲು ಬರುವವರು ಹಲವು ಥರ. ಕನ್ನಡದ ಮನೆ ಸೇರಿದ ಮರಾಠಿ ಸೊಸೆ, ಬೆಂಗಳೂರಿಗೆ ವರ್ಗವಾದ ನೌಕರ, ಸುಮ್ನೆ ಆಸೆಪಟ್ಟು ಬಂದವರು. ಇವರ ಮುಂದೆ ಒಂದನೇ ಕ್ಲಾಸಿನ ಪುಸ್ತಕ ಇಡಬೇಡಿ. ಅದು ಮನೆಯಲ್ಲೇ ಕನ್ನಡ ಕೇಳಿ ಬೆಳೆದ ಮಕ್ಕಳಿಗೆ ಬರೆದದ್ದು, ಅಲ್ವಾ?

ಯಾರ ಜೊತೆ ಮಾತಾಡಬೇಕು ಅಂತ ಮೊದಲು ಕೇಳಿ. ಅತ್ತೆ ಧಾರವಾಡದವರಾದರೆ ‘ಬರ್ರಿ, ಕೂಡ್ರಿ’ ಕಿವಿಗೆ ಬೀಳಬೇಕು. ಬೆಂಗಳೂರಿನ ಆಫೀಸಾದರೆ ‘ಬನ್ನಿ, ಕೂತ್ಕೊಳ್ಳಿ’. ‘ಕುಳಿತುಕೊಳ್ಳಿರಿ’ ಓದುವುದಕ್ಕೆ ಇರಲಿ.

ಆಮೇಲೆ ಅವರ ಮರಾಠಿಯನ್ನೇ ಬಳಸಿಕೊಳ್ಳಿ. ‘ಮಲಾ ಚಹಾ ಪಾಹಿಜೆ’ ಎನ್ನುವವರಿಗೆ ‘ನನಗೆ ಚಹಾ ಬೇಕು’ ಕಷ್ಟವೇ ಅಲ್ಲ. ‘ನಕೋ’ ಇದ್ದಲ್ಲಿ ‘ಬೇಡ’ ಇಟ್ಟರೆ ಮುಗಿಯಿತು. ಇದನ್ನೇ ಇಂಗ್ಲಿಷಿನಲ್ಲಿ ವಿವರಿಸಲು ಹೊರಟರೆ ಕಗ್ಗಂಟು. ‘ಳ’ ಕೂಡ ಮರಾಠಿಗರಿಗೆ ಸಲೀಸು. ಹಿಂದಿಯವರಿದ್ದರೆ ಅದಕ್ಕೆ ಬೇರೆ ಅಭ್ಯಾಸ ಬೇಕು.

ಜಾಸ್ತಿ ಸಮಯ ಬೇಡುವುದು ಸ್ವರ ಮತ್ತು ಲಿಂಗ. ಎ, ಏ ಎರಡಕ್ಕೂ ಮರಾಠಿಯಲ್ಲಿ ಒಂದೇ ಅಕ್ಷರ. ಒ, ಓ ಕಥೆಯೂ ಅಷ್ಟೇ. ಹಾಗಾಗಿ ಹೊಲದಲ್ಲಿ ಬೆಳೆಯ ಬದಲು ಬೇಳೆ ನಿಲ್ಲುತ್ತದೆ, ‘ಕೊಡು’ ಎನ್ನಲು ಹೋಗಿ ‘ಕೋಡು’ ಬರುತ್ತದೆ. ಬರೆಸುವ ಮೊದಲು ಕಿವಿಗೆ ಕೆಲಸ ಕೊಡಿ. ಎರಡು ಚಿತ್ರ ಇಟ್ಟು ನೀವು ಒಂದು ಪದ ಹೇಳಿ, ಯಾವುದೆಂದು ಅವರು ತೋರಿಸಲಿ. ಬಾಯಿ ಆಮೇಲೆ ತಾನೇ ತಿರುಗುತ್ತದೆ.

ಇನ್ನು ಲಿಂಗ. ಮರಾಠಿಯಲ್ಲಿ ಮಳೆ ಗಂಡು: ‘ಪಾವೂಸ್ ಆಲಾ’. ಬಸ್ಸು ಹೆಣ್ಣು: ‘ಬಸ್ ಆಲೀ’. ಸ್ಟೇಷನ್ ನಪುಂಸಕ: ‘ದಾದರ್ ಆಲಂ’. ಆದ್ದರಿಂದಲೇ ‘ಬಸ್ಸು ಬಂದಳು’ ಎಂಬ ವಾಕ್ಯ ಹುಟ್ಟುತ್ತದೆ. (ನಗು ಬರುತ್ತದೆ ನಿಜ, ತಡೆದುಕೊಳ್ಳಿ.) ಮೂರು ಕಡೆಯೂ ಕನ್ನಡಕ್ಕೆ ‘ಬಂತು’ ಒಂದೇ ಸಾಕು ಅಂದರೆ ಅವರಿಗೇ ಖುಷಿ. ಮಳೆ ಬಂತು, ಬಸ್ಸು ಬಂತು, ದಾದರ್ ಬಂತು ಅಂತ ಹೇಳಿಸುತ್ತಾ ಹೋಗಿ. ವ್ಯಾಕರಣದ ಹೆಸರುಗಳನ್ನು ಕೇಳಿದವರಿಗೆ ಮಾತ್ರ ಹೇಳಿ.

ಕ್ಲಾಸ್ ಮುಗಿದ ಮೇಲೆ ವಾಪಸಾಗುವ ಲೋಕಲ್‌ನಲ್ಲೇ ಟಿಪ್ಪಣಿ ಮಾಡಿ, ಜಾಗ ಸಿಕ್ಕರೆ. ‘ಪಾಠ ಚೆನ್ನಾಗಿತ್ತು’ ಅಂತ ಬರೆದು ಪ್ರಯೋಜನವಿಲ್ಲ. ಯಾರು ಎಲ್ಲಿ ಎಡವಿದರು, ಅವರ ಬಾಯಿಂದ ಬಂದ ವಾಕ್ಯ ಏನು, ಅದನ್ನು ಇದ್ದ ಹಾಗೇ ಬರೆಯಿರಿ. ಒಂದೇ ತಪ್ಪು ಹಲವರಿಂದ ಬಂದಿದ್ದರೆ ಆ ಪಾಠವನ್ನು ಇನ್ನೊಂದು ದಾರಿಯಲ್ಲಿ ಹೇಳಬೇಕು. ಆಗಾಗ, ಎಲ್ಲರ ಒಪ್ಪಿಗೆ ಪಡೆದು, ಫೋನಿನಲ್ಲಿ ಕ್ಲಾಸನ್ನು ರೆಕಾರ್ಡ್ ಮಾಡಿ ಕೇಳಿ. ಮೇಷ್ಟರ ದನಿಯೇ ಜಾಸ್ತಿ ಇದ್ದರೆ ವಿವರಣೆಗೆ ಕತ್ತರಿ ಹಾಕಿ. ಮುಂದಿನ ಸಲ ಒಂದನ್ನು ಮಾತ್ರ ಬದಲಿಸಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಉಪಯೋಗವಾಯಿತು ಅಂತ ಗೊತ್ತಾಗುವುದಿಲ್ಲ.