ಮೈನಸ್ ಚಳಿಯಲ್ಲಿ ಕಿಟಕಿ ತೆರೆದು ಬೂಷ್ಟು ನಿಲ್ಲಿಸಿದ ಬಗೆ

‘ಮೈನಸ್ ಐದರಲ್ಲಿ ಕಿಟಕಿ ಹಾರು ಹೊಡೆದು ಇಡ್ತೀಯಾ? ಹೀಟಿಂಗ್ ದುಡ್ಡೆಲ್ಲ ಬೀದಿಪಾಲು’ ಅಂತ ಇಲ್ಲಿನ ನಮ್ಮವರೆಲ್ಲ ಹೇಳಿದ್ದರು. ಜರ್ಮನಿಯಲ್ಲಿ ಬಾಡಿಗೆ ಮನೆ ಮಾಡಿದವರಿಗೆ ಲ್ಯೂಫ್ಟನ್, ಅಂದರೆ ಕಿಟಕಿ ತೆರೆದು ಮನೆಯ ಗಾಳಿ ಬದಲಿಸುವುದನ್ನು, ಹೇಳಿಕೊಡಬೇಕಿಲ್ಲ, ಎಷ್ಟೋ ಕರಾರುಗಳಲ್ಲೇ ಬರೆದಿರುತ್ತೆ. ಆದರೆ ದಿನಕ್ಕೆರಡು ಹೊತ್ತು ಕುಕ್ಕರ್ ಕೂಗುವ ಮನೆಗೆ ಜರ್ಮನ್ನರ ಲೆಕ್ಕ ಸಾಲಲ್ಲ. ಎರಡು ಚಳಿಗಾಲ ಕೈ ಸುಟ್ಟುಕೊಂಡ ಮೇಲೆ ಮೂರನೆಯದರಲ್ಲಿ ಗೋಡೆಯ ಮೇಲೆ ಒಂದೇ ಒಂದು ಕಪ್ಪು ಚುಕ್ಕೆ ಬಂದಿಲ್ಲ.

ಮೊದಲ ತಪ್ಪು ಕಿಟಕಿಯ ಹಿಡಿಯದು. ಹಿಡಿ ಕೆಳಗಿದ್ದರೆ ಮುಚ್ಚಿದೆ, ಅಡ್ಡಕ್ಕಿದ್ದರೆ ಪೂರ್ತಿ ತೆರೆಯುತ್ತೆ, ಮೇಲಕ್ಕಿದ್ದರೆ ಕಿಟಕಿ ಮೇಲ್ಗಡೆ ಮಾತ್ರ ಒಳಕ್ಕೆ ವಾಲುತ್ತೆ. ಅದೇ ಕಿಪ್. ಕಿಪ್‌ನಲ್ಲಿ ದಿನವಿಡೀ ಬಿಟ್ಟರೆ ಸಾಕು ಅಂದುಕೊಂಡಿದ್ದೆ. ಗಾಳಿ ಬದಲಾಗುವುದು ನಿಧಾನ, ಆದರೆ ಕಿಟಕಿ ಸುತ್ತಲಿನ ಗೋಡೆ ಬೇಗ ತಣ್ಣಗಾಗುತ್ತೆ. ಬೂಷ್ಟು ಹಿಡಿದಿದ್ದು ಸರಿಯಾಗಿ ಅಲ್ಲೇ, ಚೌಕಟ್ಟಿನ ಮೇಲಿನ ಎರಡು ಮೂಲೆಯಲ್ಲಿ. ಗೋಡೆಯ ಮೇಲೆ ನೀರು ಹನಿಗಟ್ಟಲೇಬೇಕು ಅಂತಿಲ್ಲ. ಕೋಣೆ 20 ಡಿಗ್ರಿ, ತೇವ ಶೇ. 50 ಇರುವಾಗ ಗೋಡೆಯ ಮೈ 12–13 ಡಿಗ್ರಿಗಿಂತ ಕೆಳಗೆ ಹೋಗಿ ಹಾಗೇ ಉಳಿದರೂ ಬೂಷ್ಟಿಗೆ ಸಾಕು.

ಎರಡನೆಯ ತಪ್ಪು ವಿನೆಗರ್ ಒರೆಸಿದ್ದು. ಸುಣ್ಣದ ಅಂಶವಿರುವ ಗಾರೆಯ ಮೇಲೆ ಅದರ ಹುಳಿ ಸತ್ತುಹೋಗುತ್ತೆ, ಎರಡು ವಾರದಲ್ಲಿ ಚುಕ್ಕೆ ವಾಪಸ್. ಸಣ್ಣ ಕಲೆಗೆ ಶೇ. 70–80ರ ಆಲ್ಕೋಹಾಲ್ ಸರಿ: ಕೈಗವಸು ಹಾಕಿ, ಕಿಟಕಿ ತೆರೆದು, ಹತ್ತಿರ ಬೆಂಕಿಯಿಲ್ಲದಂತೆ ನೋಡಿಕೊಂಡು ಒರೆಸಬೇಕು, ಸ್ಪ್ರೇ ಮಾಡಬಾರದು. ಮೂರನೆಯದು ತೇವ ಹೀರುವ ಯಂತ್ರ. ಸುಮಾರು 150 ಯೂರೋ ಕೊಟ್ಟೆ. ದಿನಕ್ಕೆ ಎಂಟು ಗಂಟೆ ಓಡಿಸಿದರೆ ಎರಡು ಯೂನಿಟ್, ತಿಂಗಳಿಗೆ ಇಪ್ಪತ್ತು ಯೂರೋ ಹತ್ತಿರ ಕರೆಂಟಿಗೇ ಹೋಯಿತು. ಹಳೆಯ ಮನೆ ಬಿಡುವಾಗ ಕೌಟ್ಸಿಯೋನ್‌ನಲ್ಲಿ, ಅಂದರೆ ಮನೆಯ ಮುಂಗಡದಲ್ಲಿ, ನಾನೂರು ಚಿಲ್ಲರೆ ಹಿಡಿದರು, ಅದು ಬೇರೆ.

ಕೊನೆಗೆ ಕೆಲಸಕ್ಕೆ ಬಂದಿದ್ದು ಹನ್ನೆರಡು ಯೂರೋದ ಹೈಗ್ರೋಮೀಟರ್, ಗಾಳಿಯ ತೇವ ಅಳೆಯುವ ಮೀಟರ್. ಅಗ್ಗದವನ್ನು ಹಾಗೇ ನಂಬಬೇಡಿ. ಬಾಟಲಿಯ ಮುಚ್ಚಳದಲ್ಲಿ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟು ನೀರು ಬಿಟ್ಟು, ಮೀಟರ್ ಜೊತೆ ಜಿಪ್ ಚೀಲದಲ್ಲಿ ಹನ್ನೆರಡು ಗಂಟೆ ಮುಚ್ಚಿಡಿ. ಶೇ. 75 ತೋರಿಸಬೇಕು. ನನ್ನದು 69 ತೋರಿಸಿತು, ಅಂದಿನಿಂದ ಆರು ಸೇರಿಸಿಯೇ ಓದುತ್ತೇನೆ.

ದಿನಚರಿ ಇಷ್ಟು. ಎದ್ದ ಕೂಡಲೇ ಮೊದಲು ಹೀಟರಿನ ತಿರುಗಣೆ ಪೂರ್ತಿ ಕೆಳಕ್ಕೆ. ಇಲ್ಲದಿದ್ದರೆ ತಣ್ಣನೆ ಗಾಳಿ ತಾಕಿದ್ದೇ ತಡ, ಥರ್ಮೋಸ್ಟಾಟ್ ಪೂರ್ತಿ ತೆರೆದುಕೊಂಡು ಕಾಯಿಸಲು ಶುರುಮಾಡುತ್ತೆ. ನಮ್ಮವರ ದುಡ್ಡು ನಿಜವಾಗಿ ಬೀದಿಪಾಲಾಗುವುದು ಇಲ್ಲಿ! ಆಮೇಲೆ ಎದುರುಬದುರಿನ ಎರಡು ಕಿಟಕಿ ಪೂರ್ತಿ ತೆರೆದು, ನಡುವಿನ ಬಾಗಿಲಿಗೆ ಏನಾದರೂ ಒತ್ತುಕೊಟ್ಟು, ಐದು ನಿಮಿಷ. ಮೈನಸ್‌ನಲ್ಲಿ ಮೂರು ನಿಮಿಷ ಸಾಕು, ನವೆಂಬರಿನ ಮಳೆಯಲ್ಲಿ ಹತ್ತು ಬೇಕು. ಮುಚ್ಚಿ, ತಿರುಗಣೆ ಮತ್ತೆ 3ಕ್ಕೆ, ಅಂದರೆ ಸುಮಾರು 20 ಡಿಗ್ರಿ. ಕಾಲು ಗಂಟೆಯಲ್ಲಿ ಕೋಣೆ ಮತ್ತೆ ಬೆಚ್ಚಗೆ, ಯಾಕೆಂದರೆ ಬಿಸಿ ಇರುವುದು ಗೋಡೆ, ಮಂಚ, ಬೀರುವಿನಲ್ಲಿ. ಗಾಳಿಯಲ್ಲಿ ಇರುವುದು ಸ್ವಲ್ಪ. ಇದನ್ನು ದಿನಕ್ಕೆ ನಾಲ್ಕು ಸಲ ಮಾಡುತ್ತೇನೆ. ಮೀಟರ್ 60 ದಾಟಿದರೆ ಐದನೆಯದು.

ಅಡುಗೆಯೇ ನಮ್ಮ ಮನೆಗಳ ದೊಡ್ಡ ಪಾಲು. ಇಲ್ಲಿನ ಬಹಳಷ್ಟು ಚಿಮಣಿಗಳು ಗಾಳಿಯನ್ನು ಸೋಸಿ ಮತ್ತೆ ಅಲ್ಲೇ ಬಿಡುವಂಥವು. ಒಗ್ಗರಣೆ ವಾಸನೆ ತಗ್ಗುತ್ತೆ, ಹಬೆ ಅಲ್ಲೇ ಉಳಿಯುತ್ತೆ. ಆದ್ದರಿಂದ ಕುಕ್ಕರ್ ಕೂಗುವ ಮೊದಲು ಅಡುಗೆಮನೆ ಬಾಗಿಲು ಮುಚ್ಚಿ, ಒಲೆ ಆರಿಸಿದ ತಕ್ಷಣ ಅಲ್ಲಿನ ಕಿಟಕಿಯೊಂದನ್ನೇ ತೆರೆಯಿರಿ. ಬಾಗಿಲು ತೆರೆದಿಟ್ಟರೆ ಹಬೆ ಹೋಗಿ ಕೂರುವುದು ಮನೆಯ ತಣ್ಣನೆಯ ಜಾಗದಲ್ಲಿ, ಸಾಮಾನ್ಯವಾಗಿ ಮಲಗುವ ಕೋಣೆಯ ಬೀರುವಿನ ಹಿಂದೆ. ಬೀರುವನ್ನು ಹೊರಗೋಡೆಯಿಂದ ಹತ್ತು ಸೆಂಟಿಮೀಟರ್ ಈಚೆ ಎಳೆದಿಡಿ.

ಬಟ್ಟೆ ಒಳಗೆ ಒಣಗಿಸುವುದು ಇನ್ನೊಂದು. ಒಂದು ಲೋಡಿನಲ್ಲಿ ಹೆಚ್ಚುಕಮ್ಮಿ ಎರಡು ಲೀಟರ್ ನೀರು ಗಾಳಿಗೆ ಸೇರುತ್ತೆ. ಸ್ಪಿನ್ 1400ಕ್ಕೆ ಇಟ್ಟು, ಒಂದೇ ಕೋಣೆಯಲ್ಲಿ ಬಾಗಿಲು ಹಾಕಿ ಒಣಗಿಸಿ, ಆ ಕೋಣೆಯಲ್ಲಿ ಎರಡು ಗಂಟೆಗೊಮ್ಮೆ ಕಿಟಕಿ ತೆರೆಯುತ್ತೇನೆ. ಕಿಟಕಿಯೇ ಇಲ್ಲದ ಬಾತ್‌ರೂಮಿಗೂ ಒಂದು ಉಪಾಯ ಕೂತಿದೆ, ಅದನ್ನು ಇನ್ನೊಂದು ಚಳಿಗಾಲ ನೋಡದೆ ಹೇಳಲ್ಲ.

ಇದರ ನಡುವೆ ಹೀಟರಿನ ಮೇಲೆ ದೋಸೆ ಹಿಟ್ಟು ಹುದುಗಿಸಿಯೂ ನೋಡಿದೆ. ತಿರುಗಣೆ ಇಳಿಸಿದಾಗಲೆಲ್ಲ ತಣ್ಣಗಾಗಿ ಹಿಟ್ಟು ಅರ್ಧಕ್ಕೇ ನಿಂತಿತು. ಓವನ್ ಆರಿಸಿ, ಒಳಗಿನ ದೀಪ ಮಾತ್ರ ಹಚ್ಚಿ ರಾತ್ರಿ ಇಟ್ಟಿದ್ದೇ ಉಬ್ಬಿತು.

ನೆಬೆನ್‌ಕೋಸ್ಟನ್, ಅಂದರೆ ಬಾಡಿಗೆಯ ಮೇಲಿನ ಹೀಟಿಂಗ್, ನೀರು ಇತ್ಯಾದಿ ಖರ್ಚಿನ ಲೆಕ್ಕ ಬಂದಾಗ ಹೋದ ಸಲ ಇನ್ನೂರರ ಹತ್ತಿರ ಕಟ್ಟಬೇಕಿತ್ತು, ಈ ಸಲ ಅರವತ್ತೋ ಎಪ್ಪತ್ತೋ ವಾಪಸ್ ಬಂತು. ಆಗ ‘ಬೀದಿಪಾಲು’ ಅಂದವರಲ್ಲಿ ಇಬ್ಬರು ಈಗ ಮೀಟರ್ ತಂದಿದ್ದಾರೆ. ಬೇಸಿಗೆಯಲ್ಲಿ ಮಾತ್ರ ನೆಲಮಾಳಿಗೆಗೆ ಇದನ್ನೇ ಮಾಡಬೇಡಿ. ಜುಲೈ ಮಧ್ಯಾಹ್ನದ ಬಿಸಿಗಾಳಿ ಅಲ್ಲಿನ ತಣ್ಣನೆ ಗೋಡೆಗೆ ತಾಗಿ ನೀರಾಗುತ್ತೆ, ಅಲ್ಲಿ ಕಿಟಕಿ ತೆರೆಯುವುದು ತಂಪು ಹೊತ್ತಿನ ನಸುಕಿನಲ್ಲಿ ಮಾತ್ರ.