ಸ್ವಂತ ಹೊಲ ಬಿಟ್ಟು ಲಾವಣಿಗೆ: ಲೈಟ್‌ರೂಮ್ ಬದಲಿಸಿದ ನನ್ನ ಅನುಭವ

ನಮ್ಮ ಕಡೆ ಸ್ವಂತ ಹೊಲ ಸಾಲದವರು ಬೇರೆಯವರ ಹೊಲ ಲಾವಣಿಗೆ ಹಾಕಿಕೊಳ್ಳುತ್ತಾರೆ. ವರ್ಷಕ್ಕಿಷ್ಟು ಅಂತ ದುಡ್ಡು ಕೊಟ್ಟರೆ ಬೆಳೆ ನಿಮ್ಮದು, ಭೂಮಿ ಅವರದು. ನಮ್ಮಪ್ಪನಿಗೆ ಲಾವಣಿ ಅಂದರೆ ಆಗುತ್ತಿರಲಿಲ್ಲ. ‘ಎರಡೆಕರೆ ಇದ್ರೂ ನಮ್ದಿರಬೇಕು’ ಅನ್ನುತ್ತಿದ್ದ. ಆ ಹಟ ನನಗೂ ಬಂದಿದೆ. ಫೋಟೋ ಎಡಿಟ್ ಮಾಡುವ ಲೈಟ್‌ರೂಮ್ ಅನ್ನುವ ಸಾಫ್ಟ್‌ವೇರ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕು ಅಂದಾಗ ಸುಮಾರು ಆರು ವರ್ಷ ನಾನು ಬಗ್ಗಲಿಲ್ಲ.

ಕೊಪ್ಪಳದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ಲಗ್ನ, ಕುಬಸ, ತೊಟ್ಟಿಲು, ಮನೆ ಓಪನಿಂಗ್, ನಡುವೆ ಪಾಸ್‌ಪೋರ್ಟ್ ಫೋಟೋ. ನಾನು, ಜೊತೆಗೊಬ್ಬ ಹುಡುಗ, ಎರಡು ಕ್ಯಾಮೆರಾ. 2015ರಲ್ಲಿ ಬಂದ ಲೈಟ್‌ರೂಮ್ 6 ನಮ್ಮ ಅಂಗಡಿಯ ಎತ್ತು ಇದ್ದಂಗೆ. ಆಗ ಅಮೆರಿಕದಲ್ಲಿ ಅದರ ಬೆಲೆ 149 ಡಾಲರ್. ಒಂದು ಸಲ ಕೊಟ್ಟು ಡಬ್ಬಿ ತಂದರೆ ಮುಗೀತು. ಅದೇ ಹೊತ್ತಿಗೆ ಫೋಟೋಶಾಪ್, ಲೈಟ್‌ರೂಮ್ ಎರಡೂ ಸೇರಿದ ಚಂದಾ ಅಲ್ಲಿ ತಿಂಗಳಿಗೆ 9.99 ಡಾಲರ್. ಲೆಕ್ಕ ಹಾಕಿದರೆ 15 ತಿಂಗಳಿಗೆ ಡಬ್ಬಿಯ ದುಡ್ಡು ಹೋಗುತ್ತದೆ, ಆಮೇಲೂ ಕಟ್ಟುತ್ತಲೇ ಇರಬೇಕು. ಯಾರಿಗೆ ಬೇಕು ಅಂತ ಸುಮ್ಮನಾದೆ.

2017ರ ಅಕ್ಟೋಬರ್‌ನಲ್ಲಿ ಲೈಟ್‌ರೂಮ್ ಮಾಡುವ ಅಡೋಬಿ ಕಂಪನಿ ಇದಕ್ಕೆ ಲೈಟ್‌ರೂಮ್ ಕ್ಲಾಸಿಕ್ ಅಂತ ಹೆಸರಿಟ್ಟು ಪೂರ್ತಿ ಚಂದಾಕ್ಕೆ ಹಾಕಿತು. ಡಿಸೆಂಬರ್‌ನಲ್ಲಿ ಬಂದ 6.14 ನಮ್ಮಂಥವರಿಗೆ ಕೊನೆಯ ಅಪ್‌ಡೇಟ್. ಮರುವರ್ಷದ ಕೊನೆಗೆ ಅದರಲ್ಲಿದ್ದ ಮ್ಯಾಪ್ ಕೂಡ ನಿಂತುಹೋಯಿತು. ನನಗೇನೂ ಅನ್ನಿಸಲಿಲ್ಲ. ಕಲ್ಯಾಣ ಮಂಟಪ ಎಲ್ಲಿದೆ ಅಂತ ಮ್ಯಾಪ್ ನೋಡಿ ತಿಳಿಯಬೇಕಾ? ಆದರೆ ಫೋಟೋದ ಮಬ್ಬು ತೆಗೆಯುವ ಡಿಹೇಜ್ ಇಲ್ಲದ್ದು ಮಾತ್ರ ಕಾಡುತ್ತಿತ್ತು. ಚಂದಾದಾರರಿಗೆ ಆ ಸ್ಲೈಡರ್ 2015ರಲ್ಲೇ ಬಂದಿತ್ತು, ಡಬ್ಬಿಯವರಿಗೆ ಬರಲೇ ಇಲ್ಲ. ಬೇಸಿಗೆಯಲ್ಲಿ ಆನೆಗುಂದಿಯ ಬಂಡೆಗಳ ಮೇಲೆ ಪ್ರಿ-ವೆಡ್ಡಿಂಗ್ ತೆಗೆದವರಿಗೆ ಗೊತ್ತಿರುತ್ತದೆ, ಹಿಂದಿನ ಗುಡ್ಡ ಎಲ್ಲ ಹಾಲಿನಂಗೆ ಬಿಳುಪು.

ಬರೀ ನಿಕಾನ್ ಡಿ750 ಕ್ಯಾಮೆರಾ ಇರುವ ತನಕ ಹೇಗೋ ನಡೀತು. 2021ರಲ್ಲಿ ಜಡ್6 ಎರಡನೇ ಮಾಡೆಲ್ ತಂದೆ. ಮೊದಲನೇ ಲಗ್ನ ಮುಗಿಸಿ ರಾತ್ರಿ ಕಾರ್ಡ್ ಹಾಕಿದರೆ, ಲೈಟ್‌ರೂಮ್ 6 ಒಂದು ರಾ ಫೈಲನ್ನೂ, ಅಂದರೆ ಕ್ಯಾಮೆರಾ ಹಿಡಿದಿದ್ದನ್ನು ಇದ್ದಂಗೇ ಇಡುವ ಫೈಲನ್ನು, ತೆರೆಯಲಿಲ್ಲ. ತೆರೆಯುವುದಾದರೂ ಹೇಗೆ, 2017ಕ್ಕೆ ನಿಂತ ಸಾಫ್ಟ್‌ವೇರ್‌ಗೆ 2020ರ ಕ್ಯಾಮೆರಾ ಗೊತ್ತಿರುತ್ತದಾ?

ಇದಕ್ಕೊಂದು ದಾರಿ ಇದೆ. ಅಡೋಬಿಯದ್ದೇ ಡಿಎನ್‌ಜಿ ಕನ್ವರ್ಟರ್, ಪುಕ್ಕಟೆ ಸಿಗುತ್ತದೆ. ಹೊಸ ಕ್ಯಾಮೆರಾದ ರಾ ಫೈಲನ್ನು ಡಿಎನ್‌ಜಿ ಅನ್ನುವ ಅಡೋಬಿಯ ರಾ ನಮೂನೆಗೆ ಬದಲಿಸಿಕೊಟ್ಟರೆ ಹಳೇ ಲೈಟ್‌ರೂಮ್ ಅದನ್ನು ಓದುತ್ತದೆ. ಎರಡು ವರ್ಷ ನಾನು ಹಾಗೇ ಮಾಡಿದೆ. ವರ್ಷಕ್ಕೆ ನಾಲ್ಕು ಸಲ ಕ್ಯಾಮೆರಾ ಹಿಡಿಯುವವರಿಗೆ ಇದೇ ಸಾಕು, ಖರ್ಚಿಲ್ಲ. ಲಗ್ನದವರಿಗೆ ಹಾಗಲ್ಲ. ಒಂದು ಲಗ್ನಕ್ಕೆ ಮೂರು ಸಾವಿರ ಫೋಟೋ. ಒಂದೊಂದು ಸುಮಾರು 28 ಎಂಬಿ ಅಂದರೂ 84 ಜಿಬಿ. ಅಷ್ಟನ್ನೂ ಮೊದಲು ಕನ್ವರ್ಟ್ ಮಾಡಬೇಕು, ಮೂಲವನ್ನೂ ಇಟ್ಟುಕೊಳ್ಳಬೇಕು, ಅಂದರೆ ಹಾರ್ಡ್ ಡಿಸ್ಕ್‌ನಲ್ಲಿ ಡಬಲ್ ಜಾಗ. ನಮ್ಮ ಕಂಪ್ಯೂಟರ್ ರಾತ್ರಿಯೆಲ್ಲ ಗುರ್ ಅಂತಿತ್ತು. ನಡುವೆ ಕರೆಂಟ್ ಹೋದರೆ ಎಲ್ಲಿಗೆ ನಿಂತಿತ್ತು ಅಂತ ಹುಡುಕುವ ಕೆಲಸ ಬೇರೆ. ನಮ್ಮ ಹುಡುಗ ಒಂದಿನ ಕೇಳಿಯೇಬಿಟ್ಟ, ‘ಅಣ್ಣಾ, ಇದನ್ನ ಕಾಯಾಕ ಅಂತ ಇನ್ನೊಬ್ಬನ್ನ ಇಟ್ಕೊಳ್ಳೂಣೇನು?’

ಅವನ ಪಗಾರ ಲೆಕ್ಕ ಹಾಕಿದಾಗ ನನ್ನ ಹಟ ಅರ್ಧ ಇಳೀತು. ಕನ್ವರ್ಟ್ ಕಾಯುವ ಗಂಟೆಗಳ ದುಡ್ಡು ಚಂದಾಕ್ಕಿಂತ ಜಾಸ್ತಿ ಆಗುತ್ತಿತ್ತು.

ಆದರೂ ಸುಲಭಕ್ಕೆ ಸೋಲಬಾರದು ಅಂತ ಡಾರ್ಕ್‌ಟೇಬಲ್ ಅನ್ನುವ ಬೇರೆ ಎಡಿಟಿಂಗ್ ಸಾಫ್ಟ್‌ವೇರ್ ಒಂದು ತಿಂಗಳು ನೋಡಿದೆ. ಪುಕ್ಕಟೆ, ಒಳ್ಳೆಯದು, ಅದರಲ್ಲಿ ಬಣ್ಣ ತೆಗೆಯುವವರ ಕೈಗೆ ನಾನು ನಮಸ್ಕಾರ ಮಾಡುತ್ತೇನೆ. ನನಗೆ ಹೊಂದಲಿಲ್ಲ. ಎಂಟು ವರ್ಷದ ಎಡಿಟ್ ಎಲ್ಲ ಲೈಟ್‌ರೂಮ್ ಕ್ಯಾಟಲಾಗ್‌ನಲ್ಲಿದೆ, ಅದನ್ನು ಇದ್ದಂಗೇ ಅಲ್ಲಿಗೆ ಒಯ್ಯಲು ಬರಲ್ಲ.

2023ರಲ್ಲಿ ಆಷಾಢದ ಬೆನ್ನಿಗೇ ಅಧಿಕ ಶ್ರಾವಣ ಬಂದಿತ್ತು. ಎರಡು ತಿಂಗಳು ಲಗ್ನವಿಲ್ಲ. ಕೈ ಖಾಲಿ. ಬದಲಿಸುವುದಾದರೆ ಈಗಲೇ ಅಂತ ಕೂತೆ. ಇದೊಂದು ಮಾತು ನೆನಪಿಡಿ, ಸೀಸನ್‌ನಲ್ಲಿ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ.

ಮೊದಲು ಹಳೇ ಕ್ಯಾಟಲಾಗ್ ಫೈಲನ್ನು ಬೇರೆ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿದೆ. ಲೈಟ್‌ರೂಮ್‌ನಲ್ಲಿ ಫೋಟೋ ಒಂದು ಕಡೆ ಇರುತ್ತದೆ, ನೀವು ಎಳೆದ ಸ್ಲೈಡರ್, ಕೊಟ್ಟ ಸ್ಟಾರ್, ಮಾಡಿದ ಕ್ರಾಪ್ ಎಲ್ಲ ಈ ಒಂದು ಫೈಲಿನಲ್ಲಿರುತ್ತದೆ. ಫೋಟೋ ಎಲ್ಲ ಉಳಿದು ಇದೊಂದು ಹೋದರೂ ಎಂಟು ವರ್ಷದ ಕೂಲಿ ಹೋದಂಗೆ.

ಆಮೇಲೆ ಚಂದಾ ಕಟ್ಟಿ ಡೌನ್‌ಲೋಡ್ ಒತ್ತಿದೆ. ಅಲ್ಲೇ ಎಡವಿದ್ದು. ಲೈಟ್‌ರೂಮ್ ಅಂತ ಒಂದಿದೆ, ಲೈಟ್‌ರೂಮ್ ಕ್ಲಾಸಿಕ್ ಅಂತ ಇನ್ನೊಂದಿದೆ. ಬರೀ ಲೈಟ್‌ರೂಮ್ ಅನ್ನೋದು ಫೋಟೋಗಳನ್ನು ಕ್ಲೌಡ್‌ನಲ್ಲಿಟ್ಟು ಕೆಲಸ ಮಾಡುವಂಥದ್ದು. ನಮ್ಮ ಹಳೇ ಲೈಟ್‌ರೂಮ್ 6ರ ಮಗ ಕ್ಲಾಸಿಕ್. ನಾನು ಅವಸರದಲ್ಲಿ ಮೊದಲನೆಯದನ್ನು ಹಾಕಿಕೊಂಡು ಒಂದು ಲಗ್ನದ ಫೋಲ್ಡರ್ ತೋರಿಸಿದೆ. ಅದು ತನ್ನ ಪಾಡಿಗೆ ಫೋಟೋಗಳನ್ನು ಮೇಲೆ ಕಳಿಸತೊಡಗಿತು. ಅಂಗಡಿಯ ಇಂಟರ್‌ನೆಟ್ ಅವತ್ತು ಇರಲಿಲ್ಲ, ಮೊಬೈಲ್ ಹಾಟ್‌ಸ್ಪಾಟ್ ಇತ್ತು. ಚಹಾ ಕುಡಿದು ಬರೋದರಲ್ಲಿ ದಿನದ ಡೇಟಾ ಖಾಲಿ. ನನ್ನ ಪ್ಲಾನ್‌ನಲ್ಲಿದ್ದ ಕ್ಲೌಡ್ ಜಾಗ ಒಟ್ಟು 20 ಜಿಬಿ, ಒಂದು ಲಗ್ನದ ಕಾಲು ಭಾಗವೂ ಹಿಡಿಯಲ್ಲ. ಹೆಸರು ಸರಿಯಾಗಿ ಓದದಿದ್ದದ್ದು ನನ್ನ ತಪ್ಪು. (ಈ 20 ಜಿಬಿ ಪ್ಲಾನ್ 2025ರ ಜನವರಿಯಿಂದ ಹೊಸಬರಿಗೆ ಸಿಗುವುದಿಲ್ಲ.)

ಹೊಸ ಕಂಪ್ಯೂಟರ್‌ನಲ್ಲಿ ಕ್ಲಾಸಿಕ್ ಹಾಕಿದ ಮೇಲೆ ಹಳೇ ಕ್ಯಾಟಲಾಗ್ ತೋರಿಸಿದರೆ, ಅಪ್‌ಗ್ರೇಡ್ ಮಾಡಲಾ ಅಂತ ಕೇಳುತ್ತದೆ. ಹೂಂ ಅಂದರೆ ಹಳೆಯದನ್ನು ಮುಟ್ಟದೆ ಹೊಸದೊಂದನ್ನು ಮಾಡಿಕೊಳ್ಳುತ್ತದೆ. ನನಗೆ ಸುಮಾರು ಅರ್ಧ ಗಂಟೆ ಹಿಡೀತು. ತೆರೆದು ನೋಡಿದರೆ ಎದೆ ಧಸಕ್ ಅಂತು. ಎಲ್ಲ ಫೋಲ್ಡರ್ ಮೇಲೂ ಪ್ರಶ್ನೆ ಗುರುತು. ಆಗಿದ್ದು ಇಷ್ಟೇ, ಹಳೇ ಕಂಪ್ಯೂಟರ್‌ನಲ್ಲಿ ಇ ಆಗಿದ್ದ ಡ್ರೈವ್ ಹೊಸದರಲ್ಲಿ ಎಫ್ ಆಗಿತ್ತು. ಎಲ್ಲಕ್ಕಿಂತ ಮೇಲಿನ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಫೈಂಡ್ ಮಿಸ್ಸಿಂಗ್ ಫೋಲ್ಡರ್ ಒತ್ತಿ, ಹೊಸ ಜಾಗ ತೋರಿಸಿದೆ. ಒಳಗಿನವೆಲ್ಲ ತಾವೇ ಸಾಲಾಗಿ ಬಂದವು.

ಇನ್ನೊಂದು ಭಯ ಬಣ್ಣದ್ದು. ಹಳೇ ಎಡಿಟ್ ಹೊಸದರಲ್ಲಿ ಬೇರೆ ಕಂಡರೆ? 2016ರ ಒಂದು ಲಗ್ನ ತೆಗೆದೆ. ಮದುಮಗಳದ್ದು ಕಡು ಕೆಂಪು ಇಳಕಲ್ ಸೀರೆ. ಇಂಥ ಕೆಂಪು ಸ್ವಲ್ಪ ಆಚೀಚೆ ಆದರೂ ಮನೆಯವರು ಹಿಡಿಯುತ್ತಾರೆ. ಆಗ ಪ್ರಿಂಟ್‌ಗೆ ಕಳಿಸಿದ ಜೆಪೆಗ್ ಒಂದು ಕಡೆ, ಕ್ಲಾಸಿಕ್‌ನಲ್ಲಿ ತೆರೆದ ರಾ ಒಂದು ಕಡೆ ಇಟ್ಟು, ಸೆರಗಿನ ಮೇಲೆ ನೂರಕ್ಕೆ ನೂರು ಜೂಮ್ ಮಾಡಿ ನೋಡಿದೆ. ವ್ಯತ್ಯಾಸ ಕಾಣಲಿಲ್ಲ. ಕಾರಣ ಪ್ರೋಸೆಸ್ ವರ್ಷನ್. ಹಳೇ ಫೋಟೋಗೆ ಹಳೇ ಲೆಕ್ಕವನ್ನೇ ಉಳಿಸಿಕೊಳ್ಳುತ್ತದೆ. ಕ್ಯಾಲಿಬ್ರೇಶನ್ ಪ್ಯಾನೆಲ್‌ನಲ್ಲಿ ಅದು ವರ್ಷನ್ 3 ಅಂತ ಕಾಣುತ್ತದೆ. ನೀವಾಗಿ ಬದಲಿಸಿದರೆ ಮಾತ್ರ ಬದಲಾಗುತ್ತದೆ. ಆಲ್ಬಮ್ ಕೊಟ್ಟು ಮುಗಿದ ಲಗ್ನಗಳನ್ನು ನಾನು ಹಾಗೇ ಬಿಟ್ಟಿದ್ದೇನೆ.

ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ಇನ್ನೊಂದು. ನಮ್ಮ ಹುಡುಗ ಅಭ್ಯಾಸಬಲದಿಂದ ಎರಡು ದಿನ ಹಳೇ ಕಂಪ್ಯೂಟರ್‌ನಲ್ಲಿ, ಹಳೇ ಕ್ಯಾಟಲಾಗ್‌ನಲ್ಲೇ ಹಳೇ ಕ್ಯಾಮೆರಾದಲ್ಲಿ ತೆಗೆದ ಒಂದು ಕುಬಸದ 210 ಫೋಟೋ ಎಡಿಟ್ ಮಾಡಿದ್ದ. ಕ್ಯಾಟಲಾಗ್ ಎರಡಾದ ಮೇಲೆ ಇಲ್ಲಿಯದು ಅಲ್ಲಿಗೆ ಬರಲ್ಲ. ಅವನ ಮುಖ ಸಪ್ಪಗಾಯಿತು. ‘ಮತ್ತ ಮೊದಲಿಂದ ಮಾಡ್ಲೇನಣ್ಣಾ?’ ಬೇಡಪ್ಪ ಅಂದೆ. ಲೈಟ್‌ರೂಮ್ 6ರಲ್ಲಿ ಅಷ್ಟನ್ನೂ ಸೆಲೆಕ್ಟ್ ಮಾಡಿ ಕಂಟ್ರೋಲ್ ಎಸ್ ಒತ್ತಿಸಿದೆ. ಒಂದೊಂದು ರಾ ಫೈಲಿನ ಪಕ್ಕ ಒಂದೊಂದು ಎಕ್ಸ್‌ಎಂಪಿ ಫೈಲ್ ಹುಟ್ಟಿತು, ಎಡಿಟ್ ಎಲ್ಲ ಅದರಲ್ಲಿ. ಅವನ್ನು ಹೊಸ ಕಂಪ್ಯೂಟರ್‌ನ ಅದೇ ಫೋಲ್ಡರ್‌ಗೆ ಹಾಕಿ, ಕ್ಲಾಸಿಕ್‌ನಲ್ಲಿ ರೀಡ್ ಮೆಟಾಡೇಟಾ ಫ್ರಮ್ ಫೈಲ್ ಕೊಟ್ಟೆ. ಸಾಲಾಗಿ ಬಣ್ಣ ಬದಲಾಗುತ್ತಾ ಬಂದವು. ಅವತ್ತಿನಿಂದ ಎಕ್ಸ್‌ಎಂಪಿ ತಾನೇ ಬರೆಯುವಂತೆ ಸೆಟ್ಟಿಂಗ್‌ನಲ್ಲಿ ಆನ್ ಮಾಡಿಟ್ಟಿದ್ದೇನೆ. ಆದರೆ ಲೈಟ್‌ರೂಮ್ 6 ಬರೆಯುವ ಎಕ್ಸ್‌ಎಂಪಿಯಲ್ಲಿ ಪಿಕ್ ಫ್ಲ್ಯಾಗ್ (ಆರಿಸಿದ ಫೋಟೋಗೆ ಹಾಕುವ ಬಾವುಟದ ಗುರುತು), ವರ್ಚುವಲ್ ಕಾಪಿ, ಕಲೆಕ್ಷನ್ ಇವು ಹೋಗುವುದಿಲ್ಲ. ಹಾಗಾಗಿ ಈಗ ಫೋಟೋ ಆರಿಸಲು ಫ್ಲ್ಯಾಗ್ ಬಿಟ್ಟು ಸ್ಟಾರ್ ಕೊಡುತ್ತೇವೆ.

ದುಡ್ಡಿಗೆ ತಕ್ಕ ಫಲ ಸಿಕ್ತಾ ಅಂದರೆ, ಸಿಕ್ಕಿದ್ದು ಜನವರಿಯಲ್ಲಿ. ಗವಿಮಠದ ಜಾತ್ರೆ. ತೇರು ಎಳೆಯುವುದು ಸಂಜೆ, ಹೊತ್ತು ಮುಳುಗುವ ಸಮಯಕ್ಕೆ. ಕಣ್ಣು ಹಾಯಿಸಿದಷ್ಟೂ ತಲೆಗಳು, ಮೇಲಿಂದ ತೇರಿಗೆ ಬೀಳುವ ಉತ್ತತ್ತಿ, ಬಾಳೆಹಣ್ಣು. ಬೆಳಕು ನಿಮಿಷಕ್ಕೊಂದಿಷ್ಟು ಕಡಿಮೆ ಆಗುತ್ತದೆ. ಕ್ಯಾಮೆರಾದ ಐಎಸ್ಒ, ಅಂದರೆ ಬೆಳಕು ಹಿಡಿಯುವ ಸೂಕ್ಷ್ಮತೆ, 6400ಕ್ಕೆ ಏರಿಸಲೇಬೇಕು. ಮೊದಲೆಲ್ಲ ಅಂಥ ಫೋಟೋ ದೊಡ್ಡದು ಮಾಡಿದರೆ ಆಕಾಶದ ತುಂಬ ರವೆ ಚೆಲ್ಲಿದಂಗೆ ಕಾಣುತ್ತಿತ್ತು. 2023ರ ಏಪ್ರಿಲ್‌ನಲ್ಲಿ ಬಂದ, ಇಂಥ ರವೆ ತೆಗೆಯುವ ಎಐ ಡಿನಾಯ್ಸ್ ಹಾಕಿದಾಗ ರವೆ ಹೋಯಿತು, ಕಳಸದ ಕೆತ್ತನೆ ಉಳಿಯಿತು. ಆಕಾಶವನ್ನು ಒಂದೇ ಕ್ಲಿಕ್‌ಗೆ ಆರಿಸುವ ಮಾಸ್ಕ್‌ನಿಂದ ಕೆಂಪು ಸ್ವಲ್ಪ ಇಳಿಸಿದೆ. ಆ ಫೋಟೋ ದೊಡ್ಡ ಫ್ರೇಮ್ ಮಾಡಿಸಿ ಅಂಗಡಿಯಲ್ಲಿ ಹಾಕಿದ್ದೇನೆ.

ಇದರಲ್ಲೊಂದು ಬಚ್ಚಿಟ್ಟ ಖರ್ಚಿದೆ. ಡಿನಾಯ್ಸ್‌ಗೆ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಬೇಕು. ಕಾರ್ಡ್ ಇಲ್ಲದ ನಮ್ಮ ಹಳೇ ಯಂತ್ರದಲ್ಲಿ ಪ್ರಯತ್ನಿಸಿದಾಗ ಒಂದು ಫೋಟೋಗೆ ಇಪ್ಪತ್ತು ನಿಮಿಷ ತೋರಿಸಿತು. 8 ಜಿಬಿ ಕಾರ್ಡ್ ಇರುವ ಹೊಸದರಲ್ಲಿ ಅರ್ಧ ನಿಮಿಷ. ಚಂದಾ ಚಿಕ್ಕದು, ಅದು ತರಿಸುವ ಕಂಪ್ಯೂಟರ್ ದೊಡ್ಡದು.

ಇನ್ನು ಲಾವಣಿಯ ಮಾತು. ನಾನು ತಗೊಂಡಿದ್ದು ವರ್ಷದ ಕರಾರು, ಕಟ್ಟುವುದು ತಿಂಗಳು ತಿಂಗಳು. ಇದು ತಿಂಗಳ ಚಂದಾ ಅಲ್ಲ. ಮೊದಲ 14 ದಿನ ದಾಟಿದ ಮೇಲೆ ನಡುವೆ ಬಿಟ್ಟರೆ ಉಳಿದ ತಿಂಗಳುಗಳ ದುಡ್ಡಿನಲ್ಲಿ ಅರ್ಧ ಕೊಡಬೇಕು. ಕಾರ್ಡ್‌ನಿಂದ ತಾನೇ ಕಡಿತ ಆಗುವ ಮುಂಚೆ, ಕನಿಷ್ಠ 24 ಗಂಟೆ ಮೊದಲು ಬ್ಯಾಂಕು ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್‌ನಿಂದ ಇದೆ. ನನಗೂ ಮೆಸೇಜ್ ಬಂದಿತ್ತು. ಮಾಘದ ಲಗ್ನಗಳ ಗದ್ದಲದಲ್ಲಿ ನೋಡಿರಲಿಲ್ಲ, ಖಾತೆಯಲ್ಲಿ ದುಡ್ಡೂ ಇರಲಿಲ್ಲ.

ಒಂದು ಬೆಳಿಗ್ಗೆ ಎಡಿಟ್ ಮಾಡುವ ಡೆವಲಪ್ ಒತ್ತಿದರೆ ಬಾಗಿಲು ಬಂದ್. ಮಧ್ಯಾಹ್ನ ಮದುಮಗನ ಕಾಕಾ ಫೋಟೋ ಒಯ್ಯಲು ಬರುವವರಿದ್ದರು. ಅಪ್ಪನ ಮಾತು ನೆನಪಾಗಿ ಕೈಕಾಲು ತಣ್ಣಗಾದವು. ಆದರೆ ಫೋಟೋ ನೋಡುವ ಲೈಬ್ರರಿ ತೆರೆಯಿತು. ಫೋಟೋ ಎಲ್ಲ ಇದ್ದವು, ಮಾಡಿದ ಎಡಿಟ್ ಎಲ್ಲ ಇತ್ತು. ಎಕ್ಸ್‌ಪೋರ್ಟ್ ಕೊಟ್ಟೆ, ಅದೂ ಆಯಿತು. ಚಂದಾ ನಿಂತರೆ ಮುಖ್ಯವಾಗಿ ಮುಚ್ಚುವುದು ಡೆವಲಪ್, ಮ್ಯಾಪ್. ನೋಡುವುದು, ಹುಡುಕುವುದು, ಹೊರಗೆ ತೆಗೆಯುವುದು ನಡೆಯುತ್ತದೆ. ಬೆಳೆ ನನ್ನದೇ, ಮತ್ತೆ ಬಿತ್ತಬೇಕಾದರೆ ಮಾತ್ರ ಲಾವಣಿ ಕಟ್ಟಬೇಕು. ಕಾಕಾ ಬಂದು, ‘ಏನ್ರೀ, ಬೆವತೀರಲ್ಲಾ?’ ಅಂದರು. ಫ್ಯಾನ್ ಹಾಕಿ ಚಹಾ ತರಿಸಿದೆ. ಅವರು ಹೋದ ಮೇಲೆ ಖಾತೆಗೆ ದುಡ್ಡು ಹಾಕಿದೆ.

ಫೋಟೋಶಾಪ್‌ನ ಸ್ವಂತ ಫೈಲ್ ಪಿಎಸ್‌ಡಿ ಮಾತ್ರ ಬೇರೆ ಕಥೆ. ಆಲ್ಬಮ್ ಶೀಟುಗಳು ಅದರಲ್ಲಿರುತ್ತವೆ, ಫೋಟೋಶಾಪ್ ನಿಂತರೆ ಸರಿಯಾಗಿ ತೆರೆಯುವುದು ಕಷ್ಟ. ಆದ್ದರಿಂದ ಆಲ್ಬಮ್ ಒಪ್ಪಿಸಿದ ದಿನವೇ ಒಂದೊಂದು ಶೀಟನ್ನೂ ಪೂರ್ತಿ ಸೈಜಿನ ಜೆಪೆಗ್ ಮಾಡಿ ಬೇರೆ ಡಿಸ್ಕ್‌ನಲ್ಲಿ ಇಡುತ್ತೇವೆ.

ಗಂಗಾವತಿಯ ಗೆಳೆಯನೊಬ್ಬ ಇನ್ನೂ ಡಿ750, ಲೈಟ್‌ರೂಮ್ 6ರಲ್ಲೇ ಇದ್ದಾನೆ. ತಾನೂ ಬದಲಿಸಲಾ ಅಂತ ಕೇಳಿದ. ಹೊಸ ಕ್ಯಾಮೆರಾ ತರೋ ತನಕ ಬೇಡ ಅಂದೆ. ನನ್ನ ಹಳೇ ಕಂಪ್ಯೂಟರನ್ನೂ ನಾನು ಮಾರಿಲ್ಲ. ಮೂಲೆಯಲ್ಲಿದೆ, ಇಂಟರ್‌ನೆಟ್ ತೆಗೆದುಬಿಟ್ಟಿದ್ದೇನೆ. ಪಾಸ್‌ಪೋರ್ಟ್ ಫೋಟೋಗೆ ಬಂದವರನ್ನು ನಮ್ಮ ಹುಡುಗ ಈಗಲೂ ಅದರಲ್ಲೇ, ಲೈಟ್‌ರೂಮ್ 6ರಲ್ಲೇ, ಐದು ನಿಮಿಷಕ್ಕೆ ಮುಗಿಸಿ ಕಳಿಸುತ್ತಾನೆ.