ಹಳೇ ಕೊಡಾಕ್‌ಗೆ ಫಿಲ್ಮ್ ಹಾಕೋ ಮೊದಲು ತಿದಿ ನೋಡಿ

ಮಡಚುವ ಹಳೇ ಕ್ಯಾಮೆರಾ ಕೈಗೆ ಸಿಕ್ಕ ಕೂಡಲೇ ಜನ ಫಿಲ್ಮ್ ತರಿಸಿಬಿಡುತ್ತಾರೆ. ಸ್ವಲ್ಪ ತಾಳಿ. ಇಂಥ ಹಲವು ಕ್ಯಾಮೆರಾಗಳಿಗೆ ಬೇಕಾದ 116, 122 ಅಳತೆಯ ಫಿಲ್ಮ್ ತಯಾರಾಗುವುದು ಎಂದೋ ನಿಂತಿದೆ. ನಿಮ್ಮದು 1915ರಲ್ಲಿ ಬಂದ ಕೊಡಾಕ್ ನಂ. 2 ಫೋಲ್ಡಿಂಗ್ ಆಟೋಗ್ರಾಫಿಕ್ ಬ್ರೌನಿ ಆಗಿದ್ದರೆ ಅದೃಷ್ಟ, ಅದಕ್ಕೆ ಬೇಕಾದ 120 ಫಿಲ್ಮ್ ಇವತ್ತಿಗೂ ಸಿಗುತ್ತದೆ. ಒಳಗೆ ಫಿಲ್ಮ್ ಸುತ್ತಿಕೊಳ್ಳಲು ಒಂದು ಖಾಲಿ ಸ್ಪೂಲ್ (ಉರುಳೆ) ಇರಲೇಬೇಕು, ಮರೀಬೇಡಿ.

ಎಲ್ಲರೂ ಎಡವುವುದು ತಿದಿಯಲ್ಲಿ, ಅಂದರೆ ಲೆನ್ಸಿಗೂ ಕ್ಯಾಮೆರಾ ಪೆಟ್ಟಿಗೆಗೂ ನಡುವೆ ಮಡಿಕೆ ಮಡಿಕೆಯಾಗಿ ಚಾಚುವ ಭಾಗದಲ್ಲಿ. ಹೊರಗಿಂದ ಚೆನ್ನಾಗೇ ಕಾಣುತ್ತದೆ, ಆದರೆ ಮಡಿಕೆಗಳ ಮೂಲೆಯಲ್ಲಿ ಸೂಜಿಮೊನೆಯಷ್ಟು ತೂತುಗಳಿರುತ್ತವೆ, ಅಲ್ಲಿಂದ ಬೆಳಕು ನುಗ್ಗಿ ಫಿಲ್ಮ್ ಕೆಡುತ್ತದೆ. ರಾತ್ರಿ ಕೋಣೆಯ ದೀಪ ಆರಿಸಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಸುಮ್ನೆ ಕೂತಿರಿ. ತಿದಿಯನ್ನು ಪೂರ್ತಿ ಚಾಚಿ, ಹಿಂದಿನಿಂದ ಸಣ್ಣ ಟಾರ್ಚ್ ಒಳಗಿಟ್ಟು ಒಂದೊಂದೇ ಮೂಲೆಗೆ ಬೆಳಕು ಹಿಡಿಯುತ್ತಾ ಹೋಗಿ. ಚುಕ್ಕಿ ಕಂಡಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿ. ಆಮೇಲೆ ಬಟ್ಟೆಗೆ ಬಳಿಯುವ ಕಪ್ಪು ಬಣ್ಣವನ್ನು ಸಣ್ಣ ಕುಂಚದ ತುದಿಯಿಂದ ತೆಳ್ಳಗೆ ಹಚ್ಚಿ, ಒಣಗಿದ ಮೇಲೆ ಮತ್ತೊಂದು ಸಲ ಹಚ್ಚಿ. ರಾತ್ರಿಯಿಡೀ ತಿದಿ ಚಾಚಿಕೊಂಡೇ ಇರಲಿ, ಹಸಿ ಬಣ್ಣದಲ್ಲಿ ಮಡಚಿದರೆ ಮಡಿಕೆಗಳು ಒಂದಕ್ಕೊಂದು ಅಂಟಿ, ಬಿಡಿಸುವಾಗ ಹರಿಯುತ್ತವೆ. ಕರೆಂಟಿನವರ ಟೇಪ್ ಬೇಡವೇ ಬೇಡ, ಸೆಕೆಗೆ ಗೋಂದು ಕರಗಿ ರಾಡಿಯಾಗುತ್ತದೆ. ನೈಲ್ ಪಾಲಿಶ್ ಒಣಗಿ ಬಿರುಕು ಬಿಡುತ್ತದೆ. ಚರ್ಮ ಮೆತ್ತಗಾಗಲಿ ಅಂತ ಎಣ್ಣೆ ಸವರುವವರೂ ಇದ್ದಾರೆ, ದಯವಿಟ್ಟು ಬಿಡಿ. ಜರಡಿಯಷ್ಟು ತೂತಿದ್ದರೆ ತೇಪೆ ದಂಡ, ಹೊಸ ತಿದಿಯೇ ಗತಿ.

ಫಿಲ್ಮ್ ಹಾಕುವುದು ಸುಲಭ: ಫಿಲ್ಮಿನ ಬೆನ್ನಿಗಿರುವ ಕಾಗದದ ತುದಿಯನ್ನು ಖಾಲಿ ಸ್ಪೂಲಿಗೆ ಸಿಕ್ಕಿಸಿ, ಎರಡು ಸುತ್ತು ಸುತ್ತಿ, ಹಿಂಬದಿ ಮುಚ್ಚಿ, ಕೆಂಪು ಕಿಟಕಿಯಲ್ಲಿ 1 ಕಾಣುವವರೆಗೆ ತಿರುಗಿಸಿ. ಆ ಕಾಲದ ಫಿಲ್ಮಿಗೆ ಕೆಂಪು ಬೆಳಕು ತಾಕುತ್ತಿರಲಿಲ್ಲ, ಇವತ್ತಿನದಕ್ಕೆ ತಾಕುತ್ತದೆ. ಅದಕ್ಕೇ ನೆರಳಲ್ಲಿ ತಿರುಗಿಸಿ, ಅಂಕಿ ನೋಡಿದ ತಕ್ಷಣ ಕಿಟಕಿಗೆ ಕಪ್ಪು ಪಟ್ಟಿ ಅಂಟಿಸಿ. ಚಿತ್ರದ ಬಗ್ಗೆ ಫಿಲ್ಮಿನ ಮೇಲೇ ಟಿಪ್ಪಣಿ ಬರೆಯಲು ಹಿಂಬದಿಯಲ್ಲಿರುವ ಪುಟ್ಟ ಬಾಗಿಲಿಗೂ ಹಾಗೇ ಪಟ್ಟಿ ಅಂಟಿಸಿ. ಅಲ್ಲಿ ಕಡ್ಡಿಯಿಂದ ಬರೆದರೆ ಮೂಡುತ್ತಿದ್ದ ಫಿಲ್ಮೇ ಈಗಿಲ್ಲ.

ಒಂದು ರೋಲಿಗೆ ಎಂಟೇ ಚಿತ್ರ. ಬಿಸಿಲಿದ್ದರೆ 100 ಐಎಸ್ಒ (ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) ಫಿಲ್ಮ್, ಶಟರ್ 50, ಅಂದರೆ ಸೆಕೆಂಡಿನ ಐವತ್ತನೇ ಒಂದು ಭಾಗ. ಬೆಳಕು ಬರುವ ರಂಧ್ರದ ಅಳತೆಗೆ ಲೆನ್ಸಿನ ಪಕ್ಕ 4, 8, 16, 32 ಅಂತಿದ್ದರೆ 32ಕ್ಕೆ ಇಡಿ, ಅದು ಇವತ್ತಿನ ಎಫ್/22. ಕೈಯಲ್ಲಿ ಹಿಡಿಯುವುದಕ್ಕಿಂತ ಗೋಡೆಯ ಮೇಲಿಟ್ಟು ತೆಗೆಯಿರಿ.

ಮುಚ್ಚುವಾಗ ಲೆನ್ಸ್ ಪೂರ್ತಿ ಹಿಂದೆ ಸರಿದ ಮೇಲೇ ಮುಂದಿನ ಬಾಗಿಲು ಎತ್ತಿ. ಅರ್ಧದಲ್ಲಿ ಒತ್ತಿದರೆ ತಿದಿ ಸಿಕ್ಕಿಕೊಂಡು ಮತ್ತೆ ತೂತು ಬೀಳುತ್ತದೆ.